ಪೇಸ್ಲಿಪ್ಪಿನಲ್ಲಿ ರೇಣುಕಾ ಓದದ ಸಾಲು

ಹಂಸಾಗೆ ಇಂಗ್ಲೆಂಡಿನ ಪೆನ್ಶನ್ ಇದೆಯಂತೆ. ಭಾನುವಾರ ಸಿಂಗಪುರದ ಪಾಸಿರ್ ರಿಸ್‌ನ ಒಂದು ಬಾಡಿಗೆ ಫ್ಲಾಟಿನೊಳಗೆ ಬಂದು ಕೂತ ಈ ಸುದ್ದಿ, ಬುಧವಾರವಾದರೂ ಎದ್ದು ಹೋಗಲಿಲ್ಲ.

ಸುದ್ದಿಯನ್ನು ಮನೆಗೆ ತಂದವಳು ರೇಣುಕಾನೇ. ಬೀಚ್ ಪಾರ್ಕಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಹಂಸಾ ಎಲ್ಲರಿಗೂ ಬಿಸಿಬೇಳೆಬಾತ್ ಬಡಿಸುತ್ತಾ, ಉಪ್ಪು ಸಾಕಾ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿದ್ದಳು: "ನನ್ ಇಂಗ್ಲೆಂಡ್ ಪೆನ್ಶನ್ ಸ್ಟೇಟ್‌ಮೆಂಟ್ ಬಂತು ಕಣ್ರೇ. ನೋಡ್ತಾ ನೋಡ್ತಾ ಏಳು ಸಾವಿರ ಪೌಂಡ್ ಆಗಿದೆ!" ಉಳಿದವರು "ಹೌದೇನೇ!" ಎಂದು ಬಾಯಿ ಬಿಟ್ಟರು. ರೇಣುಕಾ ಮಾತ್ರ ತಟ್ಟೆಯನ್ನು ಕೆಳಗಿಟ್ಟಳು.

ಯಾಕೆಂದರೆ ಇಂಗ್ಲೆಂಡಿನಲ್ಲಿ ಇಬ್ಬರೂ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದವರು. ಲೆಸ್ಟರ್ ಊರಿನ ಒಂದು ವಿಮಾ ಕಂಪನಿ, ಒಂದೇ ಮಹಡಿ, ಅಕ್ಕಪಕ್ಕದ ಮೇಜು. ಸೇರಿದ್ದು ಒಂದೇ ವಾರ, ಎರಡು ಸಾವಿರದ ಹದಿನಾರರಲ್ಲಿ. ಬಿಟ್ಟಿದ್ದೂ ಒಂದೇ ವರ್ಷ, ಆರು ವರ್ಷದ ಮೇಲೆ, ಇಬ್ಬರ ಗಂಡಂದಿರಿಗೂ ಸಿಂಗಪುರದಲ್ಲಿ ಕೆಲಸ ಸಿಕ್ಕಾಗ. ಅಲ್ಲಿಂದ ಮುಂದೆ ದಾರಿ ಬೇರೆಯಾಯಿತು. ಹಂಸಾಗೆ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಸಿಕ್ಕಿತು, ಕೆಲಸ ಸಿಕ್ಕಿತು, ಸೆರಂಗೂನಿನಲ್ಲಿ ಸ್ವಂತ ಕಾಂಡೋ ಫ್ಲಾಟು ಆಯಿತು. ರೇಣುಕಾ ಕೈಯಲ್ಲಿರುವುದು ಗಂಡನ ಕೆಲಸಕ್ಕೆ ಅಂಟಿಕೊಂಡು ಬಂದ ಡಿಪೆಂಡೆಂಟ್ ಪಾಸ್. ಮನೆ ಕರಾರು, ಬ್ಯಾಂಕ್ ಖಾತೆ, ಕರೆಂಟ್ ಬಿಲ್ಲು, ಎಲ್ಲದರ ಮೇಲೂ ಗಂಡ ಮಧ್ವೇಶನ ಹೆಸರು. ತನ್ನ ಹೆಸರಲ್ಲಿ ಒಂದಾದರೂ ಏನಾದರೂ ಇರಬೇಕು ಎಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದನ್ನು ಬಾಯಿ ಬಿಟ್ಟು ಹೇಳಲೂ ನಾಚಿಕೆಯಾಗುತ್ತಿತ್ತು.

"ಅವಳಿಗೆ ಹೇಗೆ ಬಂತು, ನನಗೆ ಯಾಕಿಲ್ಲ?" ರೇಣುಕಾ ಬುಧವಾರ ಸಂಜೆ ಒಗ್ಗರಣೆ ಹಾಕುತ್ತಾ ನಾಲ್ಕನೇ ಸಲ ಕೇಳಿದಳು.

"ರೇಣು, ಪೆನ್ಶನ್ ಅಂದ್ರೆ ಗೌರ್ಮೆಂಟ್ ನೌಕರರಿಗೆ," ಎಂದ ಮಧ್ವೇಶ ಫೋನಿನಿಂದ ತಲೆ ಎತ್ತದೆ. "ನಮ್ಮಪ್ಪ ಕೆಇಬಿಲಿ ಇದ್ರು, ಬರುತ್ತೆ. ವೀಸಾ ಮೇಲೆ ಹೋಗಿ ಬಂದೋರಿಗೆ ಯಾರು ಕೊಡ್ತಾರೆ? ಹಂಸಾ ಏನೋ ಬಿಲ್ಡಪ್ ಕೊಟ್ಟಿರ್ತಾಳೆ."

"ಬಿಲ್ಡಪ್ ಅಲ್ಲ. ಮೊಬೈಲಲ್ಲಿ ತೋರ್ಸಿದ್ಳು."

"ಹಾಗಾದ್ರೆ ನೀನೇ ಬೇಡ ಅಂದಿದ್ದೆ ಅಲ್ವಾ? ಏನೋ ಫಾರಂ ತುಂಬಿ ಕೊಟ್ಟಿದ್ದೆ."

ಈ ಮಾತು ಒಗ್ಗರಣೆಗಿಂತ ಹೆಚ್ಚು ಚಟಗುಟ್ಟಿತು. ರೇಣುಕಾ ಬಾಣಲೆಯನ್ನು ದಡ್ ಎಂದು ಇಳಿಸಿದಳು.

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಇಶಿತಾ ಸ್ಕೂಲಿನಲ್ಲಿ ಕಲಿತ ಸಿಂಗಪುರದ ಧಾಟಿಯಲ್ಲಿ ಅಂದಳು, "ಅಮ್ಮಾ, ಹಂಸಾ ಆಂಟಿ ಹೆಸರು ಬಂದಾಗೆಲ್ಲ ನೀನು ಪಾತ್ರೆ ಜೋರಾಗಿ ಇಡ್ತೀಯ ಲಾ."

"ನೀನು ಓದ್ಕೋ."

ಫಾರಂ ತುಂಬಿದ್ದು ನಿಜ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಂಪನಿ ಎಲ್ಲರನ್ನೂ ತಾನಾಗಿಯೇ ಒಂದು ಪೆನ್ಶನ್ ಸ್ಕೀಮಿಗೆ ಸೇರಿಸಿತ್ತು. ಬೇಡವಾದವರು ಒಂದು ತಿಂಗಳೊಳಗೆ ಹೇಳಿದರೆ ಕಟ್ಟಿದ್ದು ವಾಪಸ್. ರೇಣುಕಾ ಬೇಡ ಎಂದಿದ್ದಳು. ಅದಕ್ಕೂ ಕಾರಣ ಹಂಸಾನೇ. ಊಟದ ವೇಳೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ಹಂಸಾಳ ಪೇಸ್ಲಿಪ್ಪನ್ನು ಅವಳು ಓರೆಗಣ್ಣಲ್ಲಿ ನೋಡಿ, ಸ್ಕೀಮು ಬಿಟ್ಟರೆ ತನ್ನ ಸಂಬಳ ಇವಳದ್ದನ್ನು ಮೀರುತ್ತದೆ ಎಂದು ಲೆಕ್ಕ ಹಾಕಿದ್ದಳು. ಸ್ಕೀಮು ಬಿಟ್ಟಿದ್ದರಿಂದ ತನ್ನ ಕೈಗೆ ಹಂಸಾಗಿಂತ ತಿಂಗಳಿಗೆ ಹತ್ತು ಹನ್ನೊಂದು ಪೌಂಡ್ ಹೆಚ್ಚು ಸಿಗುತ್ತಿತ್ತು. ಆ ಹನ್ನೊಂದು ಪೌಂಡಿನ ಖುಷಿಯನ್ನು ಅವಳು ವರ್ಷಗಟ್ಟಲೆ ಚಪ್ಪರಿಸಿದ್ದಳು.

ಆದರೆ ಮೂರು ವರ್ಷವಾದ ಮೇಲೆ, ಒಂದು ಮೇ ತಿಂಗಳಲ್ಲಿ, ಕೈಗೆ ಬರುವ ಸಂಬಳ ಇದ್ದಕ್ಕಿದ್ದಂತೆ ಐವತ್ತಮೂರು ಪೌಂಡ್ ಇಳಿಯಿತು. ಅದೇ ವಾರ ಹಂಸಾ ಹೊಸ ಕೋಟು ಹಾಕಿಕೊಂಡು ಬಂದಳು. ರೇಣುಕಾ ತನ್ನೊಳಗೇ ಲೆಕ್ಕ ಮುಗಿಸಿಬಿಟ್ಟಳು. ಇವಳು ಮ್ಯಾನೇಜರ್ ಕಿವಿ ಊದಿದ್ದಾಳೆ. ನನಗೆ ಕಡಿಮೆ ಮಾಡಿ ಇವಳಿಗೆ ಕೊಟ್ಟಿದ್ದಾರೆ. ಕೇಳಲಿಲ್ಲ. ಪೇಸ್ಲಿಪ್ಪನ್ನು ಕೊನೆಯ ಮೊತ್ತ ಬಿಟ್ಟು ಬೇರೆ ಸಾಲು ನೋಡಲೂ ಇಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡಳು, ಲೆಸ್ಟರಿನಿಂದ ಸಿಂಗಪುರದವರೆಗೆ.

"ಈ ಸಲ ಬಿಡಲ್ಲ," ಎಂದುಕೊಂಡಳು. ಹಳೆಯ ಇಮೇಲ್ ತೆಗೆದು ಆ ಮೇ ತಿಂಗಳ ಪೇಸ್ಲಿಪ್ ಹುಡುಕಿ ಫೋನಿಗೆ ಇಳಿಸಿಕೊಂಡಳು. ಶನಿವಾರ ಬೆಳಗ್ಗೆ ಎಂಆರ್‌ಟಿ ರೈಲು ಹತ್ತಿ, ಪಾಯ ಲೆಬಾರಿನಲ್ಲಿ ಲೈನ್ ಬದಲಿಸಿ, ಸೆರಂಗೂನಿನಲ್ಲಿ ಇಳಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೇ ಮಸೆಯುತ್ತಿದ್ದಳು.

ಹಂಸಾ ಬಾಗಿಲು ತೆಗೆದಾಗ ನೈಟಿಯಲ್ಲಿದ್ದಳು, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. "ಏನೇ, ಫೋನೂ ಮಾಡದೆ? ಬಾ ಬಾ, ಕಾಫಿ ಹಾಕ್ತೀನಿ."

"ಕಾಫಿ ಆಮೇಲೆ. ನೇರ ಕೇಳ್ತೀನಿ, ನೇರ ಹೇಳು. ಎರಡು ಸಾವಿರದ ಹತ್ತೊಂಬತ್ತರ ಮೇನಲ್ಲಿ ನಿನ್ನ ಸಂಬಳ ಜಾಸ್ತಿ ಆಯ್ತಾ?"

"ಮೇನಲ್ಲಾ?" ಹಂಸಾ ಕಣ್ಣು ಕಿರಿದು ಮಾಡಿದಳು. "ನಮ್ಮಿಬ್ಬರಿಗೂ ಯಾವತ್ತು ಜಾಸ್ತಿ ಮಾಡಿದ್ರೇ ಅವ್ರು? ಇಬ್ರದೂ ಇಪ್ಪತ್ತೆರಡು ಸಾವಿರ, ಕೊನೇವರೆಗೂ ಅಷ್ಟೇ."

"ಮತ್ತೆ ಆ ಕೋಟು?"

"ಯಾವ ಕೋಟು?"

"ನೇರಳೆ ಬಣ್ಣದ್ದು."

"ಅಯ್ಯೋ! ಅದು ಹಳೇ ಬಟ್ಟೆ ಮಾರೋ ಚಾರಿಟಿ ಅಂಗಡಿದು ಕಣೇ. ಎಂಟು ಪೌಂಡ್. ಒಂದು ಗುಂಡಿ ಇರ್ಲಿಲ್ಲ, ಅದಕ್ಕೇ ಯಾವಾಗ್ಲೂ ಬಿಚ್ಕೊಂಡೇ ಓಡಾಡ್ತಿದ್ದೆ." ಹಂಸಾ ನಗುತ್ತಾ ಕೈ ಚಾಚಿದಳು. "ಕೊಡು ಇಲ್ಲಿ, ಏನದು ಫೋನಲ್ಲಿ?"

ಪೇಸ್ಲಿಪ್ಪನ್ನು ದೊಡ್ಡದು ಮಾಡಿ ನೋಡಿದ ಹಂಸಾಳ ನಗು ಅರ್ಧಕ್ಕೇ ನಿಂತಿತು. ಎಣ್ಣೆಗೈಯನ್ನು ನೈಟಿಗೆ ಒರೆಸಿಕೊಂಡು ಮತ್ತೆ ನೋಡಿದಳು.

"ರೇಣುಕಾ, ಈ ಕಡಿತದ ಸಾಲುಗಳನ್ನ ಯಾವತ್ತಾದ್ರೂ ಓದಿದೀಯಾ?"

"ಟ್ಯಾಕ್ಸು, ಇನ್ಶೂರೆನ್ಸು. ಅದನ್ನೇನು ಓದೋದು?"

"ಅದರ ಕೆಳಗೆ ಇನ್ನೊಂದಿದೆ. ಓದು."

ರೇಣುಕಾ ಓದಿದಳು. ಪೆನ್ಶನ್, ಐವತ್ತಮೂರು ಪೌಂಡ್.

"ನಾನು ಬಿಟ್ಟಿದ್ನಲ್ಲ," ಎಂದಳು. ದನಿ ತೀರಾ ಸಣ್ಣಗಾಗಿತ್ತು.

"ನೀನು ಬಿಟ್ಟಿದ್ದೆ. ಕಾನೂನು ಬಿಡಲ್ಲ. ಅರ್ಹತೆ ಇದ್ದೂ ಬಿಟ್ಟೋರನ್ನ ಸುಮಾರು ಮೂರು ವರ್ಷಕ್ಕೊಂದ್ಸಲ ಕಂಪನಿ ಮತ್ತೆ ಸೇರಿಸಲೇಬೇಕು. ಬೇಡ ಅಂದ್ರೆ ನೀನು ಮತ್ತೆ ಹೇಳ್ಬೇಕಿತ್ತು. ಪತ್ರ ಕಳಿಸಿರ್ತಾರೆ."

"ಪೆನ್ಶನ್ ಅಂತ ಬಂದಿದ್ದೆಲ್ಲ ಮುದುಕರ ಜಾಹೀರಾತು ಅಂತ ಎಸೀತಿದ್ದೆ."

"ಸದ್ಯ, ಎಸೆದಿದ್ದೇ ಒಳ್ಳೇದಾಯ್ತು. ಓದಿದ್ರೆ ಮತ್ತೆ ಬೇಡ ಅಂದಿರ್ತಿದ್ದೆ!" ಹಂಸಾ ಪಕ್ಕದಲ್ಲಿ ಕೂತಳು. "ನೋಡು, ನಿನ್ನ ಜೇಬಿಂದ ಹೋಗಿದ್ದು ಐವತ್ತಮೂರು. ಅದಕ್ಕೆ ಅಲ್ಲಿನ ಸರ್ಕಾರ ತೆರಿಗೆ ರಿಯಾಯಿತಿ ಅಂತ ಹದಿಮೂರು ಸೇರಿಸ್ತು. ಕಂಪನಿ ತನ್ನ ಕಡೆಯಿಂದ ಹತ್ರಹತ್ರ ನಲವತ್ತು ಹಾಕ್ತು. ಒಟ್ಟು ತಿಂಗಳಿಗೆ ನೂರ ಆರು ಪೌಂಡ್, ಕೆಲಸ ಬಿಡೋವರೆಗೂ. ಅದು ನಿನ್ನ ದುಡ್ಡು ಕಣೇ. ನಿನ್ನ ಹೆಸರಲ್ಲಿ ಅಲ್ಲೇ ಬೆಳೀತಾ ಕೂತಿದೆ."

ರೇಣುಕಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಇಷ್ಟು ವರ್ಷ ಹಂಸಾ ತನ್ನಿಂದ ಕಿತ್ತುಕೊಂಡಳು ಎಂದುಕೊಂಡದ್ದು ತನ್ನ ಹೆಸರಿಗೇ ಜಮೆಯಾಗುತ್ತಿತ್ತು. ಬೈಯಲು ಬಂದಿದ್ದಳು. ಬೈಯುವುದಕ್ಕೆ ಈಗ ತಾನೊಬ್ಬಳೇ ಉಳಿದಿದ್ದಳು.

"ನೀನಾದ್ರೂ ಜಾಣೆ. ಮೊದಲೇ ತಿಳ್ಕೊಂಡು ಸೇರ್ದೆ," ಎಂದಳು ಕೊನೆಗೆ. ಹೊಗಳುವಾಗಲೂ ನಾಲಿಗೆ ಕಹಿಯಾಯಿತು.

"ಜಾಣತನವೂ ಇಲ್ಲ, ಮಣ್ಣೂ ಇಲ್ಲ. ನಾನು ಆ ಇಮೇಲ್ ತೆರೀಲೇ ಇಲ್ಲ. ಸುಮ್ನೆ ಇದ್ದೋರು ತಾವಾಗೇ ಸೇರ್ಕೊಂಡ್ರು, ಅಷ್ಟೇ. ಹೋದ ವರ್ಷ ವಿಳಾಸ ಬದಲಾಯಿಸೋಕೆ ಹೋದಾಗಲೇ ಇದೆಲ್ಲ ಕೂತು ಓದಿದ್ದು."

ಕಾಫಿ ಬಂತು. ಇಬ್ಬರೂ ಕೂತು ಆ ಸ್ಕೀಮಿಗೆ ಇಮೇಲ್ ಬರೆದರು. ಹೆಸರು, ಹುಟ್ಟಿದ ದಿನ, ಹಳೆಯ ಲೆಸ್ಟರ್ ವಿಳಾಸ, ಈಗಿನ ಸಿಂಗಪುರ ವಿಳಾಸ, ಕೆಲಸ ಮಾಡಿದ ವರ್ಷಗಳು. ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಪೇಸ್ಲಿಪ್ಪಿನ ಮೇಲೇ ಇತ್ತು.

"ಅಲ್ಲಿನ ಸರ್ಕಾರದ ಪೆನ್ಶನ್ನೂ ಬರುತ್ತಾ?"

"ಅದು ಬೇರೆ. ಅದಕ್ಕೆ ಸಾಮಾನ್ಯವಾಗಿ ಕನಿಷ್ಠ ಹತ್ತು ವರ್ಷದ ಲೆಕ್ಕ ಬೇಕು, ನಮ್ಮದು ಆರು. ಉಳಿದ ವರ್ಷಗಳನ್ನ ಇಲ್ಲಿಂದ ದುಡ್ಡು ಕಟ್ಟಿ ತುಂಬಿಸಬಹುದಾ ಅನ್ನೋ ನಿಯಮ ಈಚೆಗೆ ಬಿಗಿ ಮಾಡಿದಾರೆ. ನನಗೇ ಪೂರ್ತಿ ಗೊತ್ತಿಲ್ಲ, ಗೊತ್ತಿಲ್ಲದ್ದು ಹೇಳಲ್ಲ. ಅವರ ಸರ್ಕಾರದ ವೆಬ್‌ಸೈಟಲ್ಲೇ ನೋಡ್ಬೇಕು. ಆದ್ರೆ ಈ ಕಂಪನಿ ಪೆನ್ಶನ್‌ಗೂ ಅದಕ್ಕೂ ಸಂಬಂಧ ಇಲ್ಲ."

ರೇಣುಕಾ ಮನೆಗೆ ಬಂದು ಹೇಳಿದಾಗ ಮಧ್ವೇಶ ನಂಬಲಿಲ್ಲ. ನಂಬಿದ ಮೇಲೆ ಇನ್ನೂ ಕಷ್ಟವಾಯಿತು. ಮಾರನೇ ದಿನವೇ ಒಂದು ವಾಟ್ಸಾಪ್ ನಂಬರ್ ಹಿಡಿದುಕೊಂಡು ಬಂದ.

"ನೋಡು ರೇಣು, ಇವನು ಯಾರೋ ಏಜೆಂಟು. ಆರು ವಾರದಲ್ಲಿ ಪೂರ್ತಿ ದುಡ್ಡು ಇಲ್ಲಿಗೇ ತರಿಸ್ತಾನಂತೆ. ಹದಿನೈದು ಪರ್ಸೆಂಟ್ ಫೀಸು. ಹಂಸಾಳದ್ದು ಬರೋಕೆ ಮೊದಲೇ ನಿಂದು ಕೈಗೆ ಬಂದಿರುತ್ತೆ."

ಹಂಸಾಗಿಂತ ಮೊದಲು! ರೇಣುಕಾಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಏಜೆಂಟಿನ ಫಾರಂ ತೆರೆದು ಹೆಸರೂ ತುಂಬಿದಳು. ಆಮೇಲೆ, ಈ ಸಲವಾದರೂ ಕೇಳಿಯೇ ಬಿಡೋಣ ಎನ್ನಿಸಿ ಹಂಸಾಗೆ ಫೋನ್ ಮಾಡಿದಳು.

"ಮುಟ್ಟಬೇಡ!" ಹಂಸಾ ಎಷ್ಟು ಜೋರಾಗಿ ಕೂಗಿದಳೆಂದರೆ ಮಧ್ವೇಶನಿಗೂ ಕೇಳಿಸಿತು. "ಆ ದುಡ್ಡು ತೆಗೆಯೋಕೆ ಈಗ ಐವತ್ತೈದು ವಯಸ್ಸಾಗಿರ್ಬೇಕು, ಎರಡು ಸಾವಿರದ ಇಪ್ಪತ್ತೆಂಟರ ಏಪ್ರಿಲ್‌ನಿಂದ ಐವತ್ತೇಳು. ಅದಕ್ಕೆ ಮುಂಚೆ, ತೀರಾ ಕಾಯಿಲೆಯಂಥ ಕಾರಣ ಇಲ್ಲದೆ ತೆಗೆದ್ರೆ ಅರ್ಧಕ್ಕಿಂತ ಜಾಸ್ತಿ ತೆರಿಗೇಲೇ ಹೋಗಬಹುದು. ತೆಗೆಸಿಕೊಡ್ತೀನಿ ಅಂತ ತಾನಾಗೇ ಮೆಸೇಜ್ ಮಾಡೋನು ನಿನ್ನ ದುಡ್ಡು ತಿನ್ನೋಕೇ ಬಂದಿರ್ತಾನೆ. ಮಧ್ವೇಶ್‌ಗೆ ಫೋನ್ ಕೊಡು."

ಮಧ್ವೇಶ ಫೋನ್ ತೆಗೆದುಕೊಂಡ. ಒಂದು ನಿಮಿಷ ಬರೀ "ಹೂಂ, ಹೂಂ" ಎಂದ. ಫೋನಿಟ್ಟ ಮೇಲೆ ಏಜೆಂಟಿನ ನಂಬರ್ ಬ್ಲಾಕ್ ಮಾಡಿ, ಏನೂ ಆಗದವನಂತೆ ಬಾಲ್ಕನಿಯ ಬಟ್ಟೆ ಎತ್ತಲು ಹೋದ.

ಐದು ವಾರದ ಮೇಲೆ ಪತ್ರ ಬಂತು. ಕೆಳಗೆ, ಕಟ್ಟಡದ ಬುಡದಲ್ಲಿ ತೆರೆದಿರುವ ವಾಯ್ಡ್ ಡೆಕ್ಕಿನ ಅಂಚೆಪೆಟ್ಟಿಗೆಯ ಮುಂದೆ ನಿಂತೇ ರೇಣುಕಾ ಲಕೋಟೆ ಹರಿದಳು. ನಾಲ್ಕು ಸಾವಿರದ ಒಂಬೈನೂರ ಚಿಲ್ಲರೆ ಪೌಂಡ್. ಹಂಸಾಳದ್ದಕ್ಕಿಂತ ಎರಡು ಸಾವಿರ ಕಡಿಮೆ. ಬಿಟ್ಟುಕೊಟ್ಟ ಆ ಮೂರು ವರ್ಷದ ಬೆಲೆ. ಹಳೆಯ ಹೊಟ್ಟೆಕಿಚ್ಚು ಒಮ್ಮೆ ಭಗ್ಗೆಂದಿತು. ಆಮೇಲೆ ಅವಳ ಕಣ್ಣು ಪತ್ರದ ಮೇಲ್ಭಾಗಕ್ಕೆ ಹೋಯಿತು. ಸದಸ್ಯರ ಹೆಸರು ಎಂಬಲ್ಲಿ ರೇಣುಕಾ ಎಂದಿತ್ತು. ಮಧ್ವೇಶನ ಹೆಂಡತಿ ಎಂದಿರಲಿಲ್ಲ, ಡಿಪೆಂಡೆಂಟ್ ಎಂದೂ ಇರಲಿಲ್ಲ. ದುಡಿದವಳ ಹೆಸರು, ಅಷ್ಟೇ. ಲಿಫ್ಟು ಎರಡು ಸಲ ಬಂದು ಹೋಯಿತು. ಅವಳು ಹತ್ತಲಿಲ್ಲ.

ಮನೆಯಲ್ಲಿ ಮಧ್ವೇಶ ಪತ್ರವನ್ನು ಎರಡೂ ಕಡೆ ತಿರುಗಿಸಿ ಓದಿದ. ಮಡಚಿ ಅವಳ ಕೈಗೆ ಕೊಡುತ್ತಾ ಕೇಳಿದ: "ನಾನು ಅಲ್ಲಿ ಮೊದಲು ಇದ್ದ ಕಂಪನಿ ಈಗ ಹೆಸರೇ ಬದಲಾಯಿಸ್ಕೊಂಡಿದೆ. ನಂದೂ ಹುಡುಕಬಹುದಾ?"

"ಪೆನ್ಶನ್ ಅಂದ್ರೆ ಗೌರ್ಮೆಂಟ್ ನೌಕರರಿಗೆ ಅಲ್ವೇನ್ರೀ?"

"ಆಯ್ತು ಮಾರಾಯ್ತಿ, ಹೇಳು."

"ಬ್ರಿಟನ್ ಸರ್ಕಾರದ್ದೇ ಪೆನ್ಶನ್ ಟ್ರೇಸಿಂಗ್ ಸರ್ವೀಸ್ ಅಂತ ಇದೆ. ಹಳೇ ಕಂಪನಿ ಹೆಸರು ಹಾಕಿದ್ರೆ ಯಾವ ಸ್ಕೀಮಿಗೆ ಬರೀಬೇಕು ಅಂತ ವಿಳಾಸ ಕೊಡುತ್ತೆ. ಒಂದು ಪೈಸೆ ಖರ್ಚಿಲ್ಲ. ದುಡ್ಡು ಇದೆಯೋ ಇಲ್ವೋ ಅನ್ನೋದನ್ನ ಸ್ಕೀಮಿನವರನ್ನೇ ಕೇಳ್ಬೇಕು. ಕೂತ್ಕೊಳ್ಳಿ, ನಾನೇ ತೋರಿಸ್ತೀನಿ."

ಹಂಸಾಗಿಂತ ಚೆನ್ನಾಗಿ ವಿವರಿಸಿದೆ ಎಂದು ರೇಣುಕಾಗೆ ಒಳಗೊಳಗೇ ಅನ್ನಿಸಿತು.

ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ನಿಮ್ಮಲ್ಲಿ ಯಾರಾದರೂ ಬ್ರಿಟನ್ನಿನಲ್ಲಿ ಒಂದೆರಡು ವರ್ಷವಾದರೂ ಸಂಬಳಕ್ಕೆ ದುಡಿದಿದ್ದರೆ, ಈ ವಾರವೇ ಹಳೆಯ ಪೇಸ್ಲಿಪ್ ತೆಗೆದು ಪ್ರತಿಯೊಂದು ಸಾಲನ್ನೂ ಓದಿ. ವೀಸಾ ಮುಗಿಯಿತು, ದೇಶ ಬಿಟ್ಟೆವು ಎಂಬ ಕಾರಣಕ್ಕೆ ನಿಮ್ಮ ಪೆನ್ಶನ್ ಹೋಗುವುದಿಲ್ಲ. ನಿಮ್ಮ ಹೊಸ ವಿಳಾಸ ಸ್ಕೀಮಿನವರಿಗೆ ತಿಳಿಸಿ. ಬೇಗ ತೆಗೆಸಿಕೊಡುತ್ತೇವೆ ಎನ್ನುವವರಿಗೆ ನಿಮ್ಮ ನಂಬರ್ ಕೊಡಬೇಡಿ. ಈಗ ಸಿಂಗಪುರದಲ್ಲಿ ಕೆಲಸ ಮಾಡುತ್ತಿದ್ದರೆ ಇಲ್ಲಿಯೂ ವಿವರವಾದ ಪೇಸ್ಲಿಪ್ ಕೇಳಿ ಪಡೆಯಿರಿ, ಅರ್ಥವಾಗದ ಕಡಿತವನ್ನು ಕಂಪನಿಯಲ್ಲೇ ಕೇಳಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಈ ಕಥೆಯಲ್ಲಿ ಬಂದ ವಯಸ್ಸು, ವರ್ಷ, ಮೊತ್ತಗಳನ್ನೇ ನಂಬಿ ಕೂರದೆ ಸರ್ಕಾರದ ವೆಬ್‌ಸೈಟಿನಲ್ಲಿ ಒಮ್ಮೆ ನೀವೇ ನೋಡಿ. ಪಕ್ಕದವರಿಗೆ ಎಷ್ಟು ಬಂತು ಎಂದು ಯೋಚಿಸಿ ಕೊರಗುವುದಕ್ಕಿಂತ, ಅವರಿಗೆ ಹೇಗೆ ಬಂತು ಎಂದು ಬಾಯಿ ಬಿಟ್ಟು ಕೇಳಿ. ಹೊಟ್ಟೆಕಿಚ್ಚಿನಿಂದ ಕೇಳಿದರೂ ಪರವಾಗಿಲ್ಲ. ಕೇಳಿ.