ಕುಂಕುಮದ ಕೆಳಗಿನ ಹೆಸರು

ಸಿರುಗುಪ್ಪದಲ್ಲಿ ತುಳಸಮ್ಮನವರ ಟೈಪಿಂಗ್ ಶಾಲೆಗೆ ಇಪ್ಪತ್ತೆರಡು ವರ್ಷದ ಹೆಸರಿದೆ. ಊರಿನ ಅರ್ಧ ಗುಮಾಸ್ತರು ಅವರಿಂದ ಬೈಸಿಕೊಂಡೇ ಬೆರಳು ತಿದ್ದಿಕೊಂಡವರು. ಯಾರಿಗೂ ಸೊಪ್ಪು ಹಾಕದ ಆ ಹೆಂಗಸು ಆ ಶುಕ್ರವಾರ ಒಂದು ಕಾಗದ ಓದಿ ಕುರ್ಚಿಯಲ್ಲಿ ಕುಸಿದು ಕುಳಿತರು. ಪರೀಕ್ಷೆ ನಡೆಸುವವರು ಬರೆದಿದ್ದರು: ಈ ಸಲದಿಂದ ಹೊಸ ತಂತ್ರಾಂಶ. ಎಂಟು ಜಿಬಿ ರ‍್ಯಾಮ್ ಇರುವ ಕಂಪ್ಯೂಟರು ಕನಿಷ್ಠ ಆರು ಬೇಕು. ಬರುವ ಗುರುವಾರ ತಪಾಸಣೆ. ಇಲ್ಲದಿದ್ದರೆ ಪರೀಕ್ಷಾ ಕೇಂದ್ರ ಬಳ್ಳಾರಿಗೆ.

ತುಳಸಮ್ಮನವರ ಬಳಿ ಕಂಪ್ಯೂಟರು ಎಂಟಿದ್ದವು. ರ‍್ಯಾಮ್ ಮಾತ್ರ ಒಂದೊಂದರಲ್ಲೂ ಎರಡೇ ಜಿಬಿ. ರ‍್ಯಾಮ್ ಅಂದರೆ ಕಂಪ್ಯೂಟರು ಕೆಲಸ ಹರಡಿಕೊಂಡು ಕೂರುವ ಮೇಜು ಇದ್ದ ಹಾಗೆ. ಮೇಜು ಚಿಕ್ಕದಾದರೆ ಎಷ್ಟು ಜಾಣನಾದರೂ ತಡವರಿಸುತ್ತಾನೆ.

ಬಳ್ಳಾರಿಯೇನು ಕಾಶಿಯಲ್ಲ, ಬಸ್ಸು ಹತ್ತಿದರೆ ಎರಡು ಗಂಟೆಯೊಳಗೆ ಇಳಿಯಬಹುದು. ಆದರೆ ಈ ಸಲ ಪರೀಕ್ಷೆಗೆ ಕೂರುವವರಲ್ಲಿ ಹತ್ತೊಂಬತ್ತು ಜನ ರಾರಾವಿ, ಕೆಂಚನಗುಡ್ಡದ ಕಡೆಯ ಹುಡುಗಿಯರು. ಅವರ ಮನೆಯವರು ಸಿರುಗುಪ್ಪದವರೆಗೆ ಕಳಿಸುವುದೇ ದೊಡ್ಡ ಮಾತು. ಅದಕ್ಕೇ ತುಳಸಮ್ಮ ಐದು ವರ್ಷದ ಹಿಂದೆ ಕಂಡ ಕಂಡ ಕಚೇರಿಯ ಮೆಟ್ಟಿಲು ಹತ್ತಿ, ಜಗಳವಾಡಿ, ಕೇಂದ್ರವನ್ನು ಊರಿಗೆ ತಂದಿದ್ದರು. ಅದು ಕೈತಪ್ಪಿದರೆ ಆ ಹತ್ತೊಂಬತ್ತು ಜನ ಪರೀಕ್ಷೆಯ ದಿನ ಮನೆಯಲ್ಲೇ ಉಳಿಯುವುದು ಖಂಡಿತ.

ಶನಿವಾರವೇ ಅವರು ಬಳ್ಳಾರಿಗೆ ಓಡಿ, ಹಳೆಯ ರ‍್ಯಾಮ್ ಪಟ್ಟಿಯೊಂದನ್ನು ಅಂಗಡಿಯವನಿಗೆ ತೋರಿಸಿ, ಅದೇ ಅಳತೆಯ ನಾಲ್ಕು ಜಿಬಿಯ ಎರಡು ಹೊಸ ಪಟ್ಟಿ ತಂದರು. ಮೊಬೈಲ್ ಕವರಿನ ಜೊತೆಗೆ ಕಂಪ್ಯೂಟರಿನ ಉಸಾಬರಿಯನ್ನೂ ಮಾಡುವ ಸಮ್ರಾಟ್ ಬಂದು ಅವನ್ನು ಸಿಕ್ಕಿಸಿದ. ಪರದೆ ಕಪ್ಪಗೇ ಉಳಿಯಿತು, ಯಂತ್ರ ಕುಂಯ್ ಕುಂಯ್ ಎಂದು ಅಳತೊಡಗಿತು.

"ಒಳಗಿನ ಮದರ್‌ಬೋರ್ಡ್ ಮುದುಕಾಗೈತ್ರಿ. ಎಂಟೂ ಗುಜರಿಗೆ ಹಾಕ್ರಿ," ಎಂದ ಸಮ್ರಾಟ್.

"ಯಾವ ಬೋರ್ಡೋ ಅದು? ಹೆಸರೇನು ಅದರದು?"

ಹಳೆಯ ಪಟ್ಟಿ ವಾಪಸ್ಸು ಹಾಕಿ ಅವನು ಪರದೆಯಲ್ಲಿ ಹುಡುಕಿದ. ಹೆಸರು ಇರಬೇಕಾದ ಕಡೆ 'ತಯಾರಕರು ತುಂಬತಕ್ಕದ್ದು' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ತುಂಬಬೇಕಾದ ಪುಣ್ಯಾತ್ಮ ತುಂಬದೆ ಮಾರಿಬಿಟ್ಟಿದ್ದ. ಹೊರಗಿನ ಡಬ್ಬಿಯ ಮೇಲಿದ್ದದ್ದು ಡಬ್ಬಿಯ ಹೆಸರು ಅಷ್ಟೇ. ಹೆಸರೇ ಗೊತ್ತಿಲ್ಲದೆ ಗುಜರಿಗೆ ಹಾಕು ಅನ್ನುವವನನ್ನು ತುಳಸಮ್ಮ ಬಾಗಿಲವರೆಗೂ ಬೈದುಕೊಂಡೇ ಬಿಟ್ಟು ಬಂದರು.

ಆಗ ವಿದ್ಯಾರ್ಥಿನಿ ಸಿಂಧು ಹೇಳಿದಳು, "ಕುರುಗೋಡಿನಾಗ ಹಂಪಮ್ಮ ಅಂತ ಒಬ್ರು ಅದಾರ್ರಿ ಮೇಡಂ. ಹಳೀ ಕಂಪ್ಯೂಟರ್ ಅಂದ್ರ ಅವ್ರೇ."

ಭಾನುವಾರ ಬೆಳಗ್ಗೆ ತುಳಸಮ್ಮ ಒಂದು ಕಂಪ್ಯೂಟರನ್ನು ಹಾಸಿಗೆ ವಸ್ತ್ರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರು. ಕಂಡಕ್ಟರು ಅದಕ್ಕೂ ಟಿಕೆಟ್ ಕೇಳಿದ್ದಕ್ಕೆ, "ಇದು ಕೂತದ್ದು ನನ್ನ ತೊಡಿ ಮ್ಯಾಲೆ, ನಿನ್ನ ಸೀಟಿನ ಮ್ಯಾಲಲ್ಲ," ಎಂದು ಅವನ ಬಾಯಿ ಮುಚ್ಚಿಸಿದರು. ಜೋರು ಬಾಯಿಗೇನೂ ಕಡಿಮೆ ಇರಲಿಲ್ಲ, ಆದರೆ ದಾರಿಯುದ್ದಕ್ಕೂ ಗುರುವಾರಕ್ಕೆ ಉಳಿದ ದಿನಗಳನ್ನು ಎಣಿಸುತ್ತಿದ್ದರು.

ಕುರುಗೋಡಿನ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿ ಅಡುಗೆಮನೆಯಷ್ಟೇ ದೊಡ್ಡದು. ಮೂವತ್ತು ದಾಟಿದ ತೆಳ್ಳನೆಯ ಹೆಂಗಸು ಎದ್ದು ನಿಂತು, "ಬರ್ರಿ ಮೇಡಂ, ಕುಂದರ್ರಿ," ಎಂದಳು. ಹಂಪಮ್ಮ ಅವಳೇ. ತುಳಸಮ್ಮ ಒಂದೇ ಉಸಿರಿಗೆ ಕಥೆ ಹೇಳಿದರು. ಕೇಂದ್ರ ಬಳ್ಳಾರಿಗೆ ಹೋಗುತ್ತದೆ ಅಂದಾಗ ಹಂಪಮ್ಮ ಸ್ಕ್ರೂ ತಿರುಗಿಸುವುದನ್ನು ಬಿಟ್ಟು ತಲೆ ಎತ್ತಿದಳು.

"ತಪಾಸಣಿ ಗುರುವಾರ ಅಂದ್ರಿ ಹೌದಲ್ರಿ?" ಎಂದಷ್ಟೇ ಕೇಳಿ ಮುಚ್ಚಳ ತೆಗೆದಳು.

ಒಳಗೆ ನೋಡಿ ಅವಳಿಗೆ ನಗು ಬಂತು. ಹಸಿರು ಬೋರ್ಡಿನ ನಟ್ಟನಡುವೆ ಗಂಧ, ಅದರ ಮೇಲೆ ಕುಂಕುಮ, ಮತ್ತೆ ಗಂಧ, ಮತ್ತೆ ಕುಂಕುಮ, ನಾಣ್ಯದಷ್ಟು ದಪ್ಪಕ್ಕೆ ಒಣಗಿ ಕೂತಿತ್ತು.

ಇದು ತುಳಸಮ್ಮನವರದೇ ಕೆಲಸ. ಆಯುಧ ಪೂಜೆಗೆ ಎಲ್ಲರೂ ಡಬ್ಬಿಯ ಮೇಲೆ ಕುಂಕುಮ ಹಚ್ಚಿ ಕೈ ಮುಗಿದರೆ, ಅವರಿಗೆ ಅದರಿಂದ ಸಮಾಧಾನವಿಲ್ಲ. ಕೆಲಸ ಮಾಡುವುದು ಒಳಗಿನದು, ತಗಡಿಗೇಕೆ ಪೂಜೆ ಎಂದು ಪ್ರತಿ ವರ್ಷ ಎಂಟೂ ಮುಚ್ಚಳ ತೆಗೆಸಿ ಹಚ್ಚುತ್ತಿದ್ದರು. ಯಾವ ಭಾಗಕ್ಕೂ ತಾಗಬಾರದೆಂದು ಖಾಲಿ ಜಾಗ ಹುಡುಕಿಯೇ ಹಚ್ಚುತ್ತಿದ್ದರು. ಬೋರ್ಡ್ ಮಾಡಿದವರೂ ಹೆಸರು ಅಚ್ಚು ಹಾಕಲು ಅದೇ ಖಾಲಿ ಜಾಗವನ್ನು ಹುಡುಕಿದ್ದರು.

"ಹೆಸರು ಇದರ ಕೆಳಗ ಐತ್ರಿ. ತೆಗೀಬೇಕು," ಎಂದಳು ಹಂಪಮ್ಮ.

ತುಳಸಮ್ಮನವರ ಮುಖ ಬಾಡಿತು. "ಹಚ್ಚಿದ ಕುಂಕುಮ ಅಳಸೋದಾ? ಅಪಶಕುನ ಅಲ್ಲೇನವ್ವಾ?"

ಹಂಪಮ್ಮ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವರ ಕೈಗೇ ಕೊಟ್ಟಳು. "ಹಚ್ಚಿದವರು ನೀವು, ತೆಗೆಯೋರೂ ನೀವೇ ಆಗ್ರಿ. ಉಗುರು ಮಾತ್ರ ಹಚ್ಚಬ್ಯಾಡ್ರಿ, ಸಣ್ಣ ಗೆರಿ ಹರದ್ರೂ ಬೋರ್ಡ್ ಹೋತು."

ತುಳಸಮ್ಮ ಮನಸ್ಸಿನಲ್ಲೇ ರಾಯರನ್ನು ನೆನೆದು ಉಜ್ಜತೊಡಗಿದರು. ಬ್ರಷ್ಷು ಕೆಂಪಾಯಿತು, ಹತ್ತಿ ಕೆಂಪಾಯಿತು. ಹತ್ತು ನಿಮಿಷಕ್ಕೆ ಒಂದೊಂದೇ ಬಿಳಿ ಅಕ್ಷರ ಮೇಲೆ ಬಂತು. ಜಿ, ನಾಲ್ಕು, ಒಂದು, ಮುಂದೆ ಇನ್ನೆರಡು ಅಕ್ಷರ. ಹಂಪಮ್ಮ ಅದನ್ನು ಫೋನಿಗೆ ಹಾಕಿ ಆ ಬೋರ್ಡಿನ ಕೈಪಿಡಿಯನ್ನೇ ತೆಗೆದಳು.

"ಎರಡು ಖಾನೆ. ಒಂದೊಂದಕ್ಕ ನಾಲ್ಕು. ಒಟ್ಟು ಎಂಟರ ತನಕ ತಡೀತೈತ್ರಿ."

"ನಾ ನಾಲ್ಕರದೇ ಎರಡು ತಂದೀನಲ್ಲ! ಯಾಕ ಅಳ್ತದ ಹಂಗಾರ?"

ಹಂಪಮ್ಮ ಆ ಹೊಸ ಪಟ್ಟಿಯನ್ನು ಬೆಳಕಿಗೆ ಹಿಡಿದು ಮೈಮೇಲಿನ ಕರಿಯ ಚೌಕಗಳನ್ನು ಎಣಿಸಿದಳು. "ಎಂಟು. ಆ ಮಗ್ಗಲು ಬೋಳು. ಇದು ಹೊಸಾ ಕಾಲದ್ದು, ಒಂದೊಂದು ಚೌಕದಾಗ ಹೆಚ್ಚು ತುಂಬ್ಯಾರ. ಈ ಬೋರ್ಡಿಗೆ ಅಷ್ಟು ದೊಡ್ಡ ತುತ್ತು ನುಂಗಾಕ ಆಗಂಗಿಲ್ಲ. ಎರಡೂ ಮಗ್ಗಲು ಎಂಟೆಂಟು, ಹದಿನಾರು ಚೌಕ ಇರೋ ಹಳೀ ಪಟ್ಟಿ ಬೇಕು. ಬೋರ್ಡ್ ಮುದುಕಾಗಿಲ್ರಿ, ಊಟ ಬ್ಯಾರೆ ಐತಿ."

ತುಳಸಮ್ಮ ಬೆರಗಾದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದವರಿಗೆ ಪಾಠ ಅಂದರೆ ಏನೆಂದು ಗೊತ್ತು. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನಿಚ್ಚಳವಾಗಿ ಹೇಳುವುದು ತಮಗೂ ಬಾರದ ವಿದ್ಯೆ ಎಂದು ಒಪ್ಪಿಕೊಂಡರು, ಅದೂ ಯಾರೂ ಒತ್ತಾಯ ಮಾಡದೆ.

ಹಂಪಮ್ಮನ ಬಳಿ ಬಳ್ಳಾರಿಯಲ್ಲಿ ಮುಚ್ಚಿಹೋದ ಸೈಬರ್ ಸೆಂಟರುಗಳಿಂದ ಕೊಂಡ ಹಳೆಯ ಪಟ್ಟಿಗಳ ಡಬ್ಬಿಗಳಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಚೌಕ ಎಣಿಸುತ್ತ ಆರಿಸಿದಳು. ಎರಡೂ ಮಗ್ಗಲು ತುಂಬಿದಂಥವು ಹನ್ನೊಂದು ಸಿಕ್ಕವು. ಆರು ಕಂಪ್ಯೂಟರಿಗೆ ಹನ್ನೆರಡು ಬೇಕು. ಹಂಪಮ್ಮ ತಾನು ದಿನವೂ ಕೆಲಸ ಮಾಡುವ ಕಂಪ್ಯೂಟರಿನ ಮುಚ್ಚಳ ತೆಗೆದು ಅದರಿಂದ ಒಂದನ್ನು ಕಿತ್ತಳು. ತುಳಸಮ್ಮ ಬೇಡವೆಂದರೂ ಕೇಳಲಿಲ್ಲ.

ಬುಧವಾರ ಬೆಳಗ್ಗೆ ಮೊದಲ ಬಸ್ಸಿಗೇ ಹಂಪಮ್ಮ ಆ ಕಂಪ್ಯೂಟರು ಮತ್ತು ಹನ್ನೆರಡು ಪಟ್ಟಿಗಳೊಂದಿಗೆ ಸಿರುಗುಪ್ಪಕ್ಕೆ ಬಂದಳು. ಎಂಟೂ ಒಟ್ಟಿಗೆ ತಂದವು, ಎಂಟೂ ಒಂದೇ ಎಂದು ತುಳಸಮ್ಮ ಆಣೆ ಮಾಡಿದರೂ ಅವಳು ಉಳಿದ ಏಳರ ಕುಂಕುಮವನ್ನೂ ಒಂದೊಂದಾಗಿ ತೆಗೆಸಿದಳು. ಐದನೆಯದರಲ್ಲಿ ಜಿ ಮೂವತ್ತೊಂದು ಎಂದಿತ್ತು. ಎಂಟನೆಯದರಲ್ಲೂ ಅದೇ.

"ಈ ಎರಡರ ಮಿತಿ ನಾಲ್ಕೇ ರೀ. ಇವಕ್ಕ ಈ ಪಟ್ಟಿ ಕೂಡಂಗೂ ಇಲ್ಲ. ಒತ್ತಾಯ ಮಾಡಿದ್ರ ಖಾನೆ ಮುರೀತೈತಿ."

ಎಂಟರಲ್ಲಿ ಎರಡು ಹೋದರೆ ಉಳಿದದ್ದು ಸರಿಯಾಗಿ ಆರು. ಒಂದು ಕೈಕೊಟ್ಟರೂ ಕೇಂದ್ರ ಹೋಯಿತು. ಹಂಪಮ್ಮ ಪಟ್ಟಿ ಸಿಕ್ಕಿಸಿದ ಮೇಲೆ ತುಳಸಮ್ಮ ಒಂದೊಂದರ ಗುಂಡಿ ಒತ್ತಿದರು. ಒಂದೊಂದೂ ಒಂದೇ ಸಲ ಚಿಕ್ಕದಾಗಿ ಕೂಗಿ, ಬೆಳಕಾಗಿ, ಎಂಟು ಜಿಬಿ ಎಂದು ತೋರಿಸಿತು. ಆರನೆಯದು ತೋರಿಸಿದಾಗ ಅವರ ಕಣ್ಣಲ್ಲಿ ನೀರು ಬಂತು. ಹಂಪಮ್ಮ ಮಾತ್ರ ತಪ್ಪದೆ ಹೇಳಿದಳು, "ಮುಂದ ಹದಿನಾರು ಕೇಳಿದ್ರ ಇವು ಆಗಂಗಿಲ್ಲ. ಎಂಟೇ ಇವುಗಳ ತುದಿ. ಈಗಿಂದ್ಲೇ ಹೊಸಾವಕ್ಕ ದಾರಿ ನೋಡ್ಕೋರಿ." ಕೆಲಸ ಗೆದ್ದ ಗಳಿಗೆಯಲ್ಲೂ ಆಗದ್ದನ್ನು ಮುಚ್ಚಿಡದವರು ಎಷ್ಟು ಜನ ಸಿಗುತ್ತಾರೆ?

ಗುರುವಾರ ತಪಾಸಣೆಗೆ ಬಂದ ಚಿದಾನಂದಪ್ಪನವರು ಆರನ್ನೂ ಚಾಲೂ ಮಾಡಿ, ಹೊಸ ತಂತ್ರಾಂಶವನ್ನು ಓಡಿಸಿ, ಕಾಗದಕ್ಕೆ ಮೊಹರು ಹಾಕಿದರು. ಏನಾದರೂ ಕೆಟ್ಟರೆ ಇರಲಿ ಎಂದು ಹಂಪಮ್ಮ ಅಂದೂ ಬಂದು ಮೂಲೆಯಲ್ಲಿ ಕೂತಿದ್ದಳು. ಅವರು ಹೋದ ಮೇಲೆ ತುಳಸಮ್ಮ ಅವಳ ಕೈ ಹಿಡಿದುಕೊಂಡರು.

"ನಿನ್ನ ಕೂಲಿ ಹೇಳವ್ವಾ. ನೀ ಕೇಳಿದಷ್ಟು."

"ಪರೀಕ್ಷಿದು ಒಂದು ಫಾರಂ ಕೊಡ್ರಿ."

"ಯಾರಿಗೆ?"

"ನನಗ. ಹದಿಮೂರು ವರ್ಷದ ಹಿಂದ ಎಂಟು ತಿಂಗಳು ಇಲ್ಲೇ ಕಲ್ತೀನ್ರಿ, ಕೆಂಚನಗುಡ್ಡದಿಂದ ಬರ್ತಿದ್ದೆ. ಆಗ ಪರೀಕ್ಷಿ ಬಳ್ಳಾರ‍್ಯಾಗ ಇತ್ತು. ಅಪ್ಪ ಚಿನ್ನಪ್ಪ ಕಳಸಲಿಲ್ಲ."

ತುಳಸಮ್ಮನವರಿಗೆ ನೆನಪಾಯಿತು. ಪರೀಕ್ಷೆಯ ಮರುದಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಹುಡುಗಿ. ಎಲ್ಲರ ಎದುರಿಗೆ ಅವಳಿಗೆ, "ಬಸ್ಸು ಹತ್ತೋ ಧೈರ್ಯ ಇಲ್ಲದವಳು ನನ್ನ ಯಂತ್ರ ಯಾಕ ಸವೆಸಿದಿ?" ಅಂದಿದ್ದರು. ಕೇಂದ್ರ ಊರಿಗೆ ಬರಬೇಕೆಂದು ಹೊಳೆಯಲು ಅವರಿಗೆ ಆಮೇಲೆ ಎಷ್ಟೋ ವರ್ಷ ಬೇಕಾಗಿತ್ತು.

"ನಾ ನಿನಗ ಒಂದು ಕೆಟ್ಟ ಮಾತು ಅಂದಿದ್ದೆ," ಎಂದರು ತುಳಸಮ್ಮ.

"ಅಂದಿದ್ರಿ," ಎಂದಳು ಹಂಪಮ್ಮ. ಇರಲಿ ಬಿಡ್ರಿ ಎಂದು ಹೇಳಲಿಲ್ಲ.

"ತಪ್ಪಾತವ್ವಾ. ಆವತ್ತು ನನಗೆ ತಿಳೀಲಿಲ್ಲ."

ಮೇಜಿನ ಖಾನೆಯಿಂದ ಫಾರಂ ತೆಗೆದು ತುಳಸಮ್ಮ ತಾವೇ ತುಂಬಲು ಕುಳಿತರು. ಹೆಸರು ಹಂಪಮ್ಮ, ತಂದೆ ಚಿನ್ನಪ್ಪ, ಊರು ಕೆಂಚನಗುಡ್ಡ. ಪರೀಕ್ಷಾ ಕೇಂದ್ರ ಎಂಬಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟರು. ಕನ್ನಡಕ ಒರೆಸಿಕೊಂಡು ಸಿರುಗುಪ್ಪ ಎಂದು ಬರೆದರು.