ವಿಭೂತಿ ಹಚ್ಚಿಕೊಂಡ ಮೋಟರು

ಬೆಟಗೇರಿಯ ಶಿವಲಕ್ಷ್ಮಿಗೆ ಪತ್ತೇದಾರಿ ಎಂದರೆ ಬಹುಪಾಲು ವರಗಳ ಬೆನ್ನು ಹತ್ತುವ ಕೆಲಸ. ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ ಎಂದು ತಿಳಿದು ಹೆಣ್ಣಿನ ಕಡೆಯವರಿಗೆ ಹೇಳಬೇಕು. ಅವಳಿಗೆ ಅದು ಸಾಕುಸಾಕಾಗಿತ್ತು. ಹಾಗಾಗಿ ಹಿರೇವಡ್ಡಟ್ಟಿಯ ಮಾಳವ್ವ, ಖಾನಾವಳಿಯ ಮಾಳಿಗೆಯಲ್ಲಿದ್ದ ಅವಳ ಕೋಣೆಗೆ ಬಂದು ಅಳತೊಡಗಿದಾಗ, ಪಾಪ ಅನಿಸಿದರೂ ಒಳಗೊಳಗೇ ಖುಷಿಯಾಯಿತು. ಅಂತೂ ಒಂದು ನಿಜವಾದ ಕಳ್ಳತನ!

"ನಮ್ಮನಿಯವ್ರು ಊರಿಗೆ ನೀರು ಬಿಡ್ತಾರ್ರಿ ಅಕ್ಕಾರ. ಕುಡಿಯೋ ನೀರಿನ ಬೋರಿಗೆ ಪಂಚಾಯ್ತಿಯಿಂದ ಹೊಸಾ ಮೋಟರು ಬಂದಿತ್ತು. ಇಳಸೋದ್ರಾಗ ಮಾಯ ಆತು. 'ನೀರು ಬಿಡೋ ತಿರಕಪ್ಪನ ಮಾರ್ಕೊಂಡಾನ' ಅಂತ ಅಧ್ಯಕ್ಷರು ಹೇಳಾಕತ್ಯಾರ. ದಸರಾ ಮುಗದ ಕೂಡ್ಲೆ ಪೊಲೀಸ್ರಿಗೆ ಹಿಡದು ಕೊಡ್ತಾರಂತ."

ಪಂಚಾಯ್ತಿ ಅಧ್ಯಕ್ಷ ಅಂದಾನಪ್ಪ ಹೊಲದಲ್ಲಿ ಹೊಸ ಬೋರು ಕೊರೆಸಿದ್ದು ಊರಿಗೆಲ್ಲ ಗೊತ್ತಿತ್ತು. ಬಾಯಿ ಬಿಡುವವರು ಮಾತ್ರ ಯಾರೂ ಇರಲಿಲ್ಲ. ಶಿವಲಕ್ಷ್ಮಿ ಬೀಜದ ಕಂಪನಿಯವಳೆಂದು ಹೇಳಿಕೊಂಡು ಅವನ ಹೊಲ, ಕೊಟ್ಟಿಗೆ ಎಲ್ಲ ಸುತ್ತಿದಳು. ಸಿಕ್ಕಿದ್ದು ಬೆನ್ನಟ್ಟಿದ ನಾಯಿಯೊಂದೇ. ದಾರಿಯಲ್ಲಿ ಅಧ್ಯಕ್ಷನ ಆಳೊಬ್ಬ ಅಡ್ಡ ನಿಂತ.

"ಬಾಯಾರ, ಮುಂಡರಗಿ ಬಸ್ಸು ಬಂತು ನೋಡ್ರಿ. ಹತ್ತಿಬಿಡ್ರಿ. ಇಲ್ಲಂದ್ರ ನಾವ ಎತ್ತಿ ಹಾಕಬೇಕಾಕ್ಕೈತಿ."

ಅವಳು ಬಸ್ಸು ಹತ್ತದೆ ನೇರ ಮಾಳವ್ವನ ಮನೆಗೆ ಹೋದಳು. ಹೆದರಿದಾಗ ಅವಳಿಗೆ ಹಸಿವು ಜಾಸ್ತಿ. ಮಾಳವ್ವ ರೊಟ್ಟಿ ಬಡಿಯುತ್ತ ಅಧ್ಯಕ್ಷನ ಹೆಂಡತಿ ಬಸವಣ್ಣೆವ್ವನ ಮಡಿಯ ಕಥೆ ತೆಗೆದಳು.

"ಖಂಡೇಪೂಜಿ ಬಂತಂದ್ರ ಮನ್ಯಾಗಿನ ಕಬ್ಬಿಣ ಎಲ್ಲಾ ತಿಕ್ಕಿಸಿ ಹೂವು ಏರಸ್ತಾಳ್ರಿ. ಹೋದ ವರ್ಷ ಒಂದು ಪಂಪು ಪೂಜಿ ತಪ್ಪಿ ಸುಟ್ಟಹೋತಂತ. ಅವತ್ತಿಂದ ಗಂಡಗೂ ಅಂಜಿಕಿ. ಅಡಕೊತ್ತನ್ನೂ ಬಿಡಂಗಿಲ್ಲ."

ಶಿವಲಕ್ಷ್ಮಿಯ ಕೈಯ ತುತ್ತು ಅಲ್ಲೇ ನಿಂತಿತು. "ಇನ್ನ ಹುಡುಕೂದು ಬ್ಯಾಡ. ಅವರ ತಂದು ತೋರಸ್ತಾರ."

ಅಲ್ಲೇ ಕೂತಿದ್ದ ಮಾಳವ್ವನ ಗಂಡ ತಿರಕಪ್ಪನಿಗೆ ಸಿಟ್ಟು ಬಂತು. "ಕೈಗೆ ಬೇಡಿ ಬೀಳೂತನಕ ಸುಮ್ನ ಕುಂದ್ರೂದೇನ್ರಿ?"

ಖಂಡೇಪೂಜೆ, ಅಂದರೆ ಆಯುಧಗಳ ಪೂಜೆ, ಮುಗಿದ ಮರುದಿನ, ದಶಮಿಯ ಸಂಜೆ, ಬಂಗಾರವೆಂದು ಬನ್ನಿ ಎಲೆ ಕೊಡಲು ಯಾರ ಮನೆಗೆ ಯಾರು ಹೋದರೂ ಬೇಡ ಎನ್ನುವಂತಿಲ್ಲ. ಹಗೆಯವರಾದರೂ ಸರಿ. ಶಿವಲಕ್ಷ್ಮಿ ಪಂಚಾಯ್ತಿ ಅಧಿಕಾರಿ ಅಂಕಿತಾಳನ್ನೂ ಅರ್ಧ ಊರನ್ನೂ ಕಟ್ಟಿಕೊಂಡು, ಕೈತುಂಬ ಬನ್ನಿ ಎಲೆ ಹಿಡಿದು ಅಂದಾನಪ್ಪನ ಪಡಸಾಲೆಗೇ ನಡೆದಳು.

ಕುಡಗೋಲು, ಕೊಡಲಿ, ಬೈಕು, ಟಿ.ವಿ. ಎಲ್ಲವೂ ಕುಂಕುಮ ಹಚ್ಚಿಕೊಂಡು ಕುಳಿತಿದ್ದವು. ಮೂಲೆಯಲ್ಲಿ ಗೋಣಿಚೀಲ ಹೊದ್ದಿದ್ದ ಯಾವುದೋ ಒಂದರ ಕೆಳಗಿನಿಂದ ಚೆಂಡುಹೂವು ಇಣುಕುತ್ತಿತ್ತು. ಶಿವಲಕ್ಷ್ಮಿ ಭಕ್ತಿಯಿಂದ ಕೈಮುಗಿದು ಚೀಲ ಎಳೆದೇಬಿಟ್ಟಳು. ಒಳಗೆ ಮಿರಿಮಿರಿ ಮಿಂಚುವ ಮೋಟರು. ಮೂರು ಬೆರಳ ವಿಭೂತಿ, ಅದರ ಕೆಳಗೆ ನೀಲಿ ಬಣ್ಣದಲ್ಲಿ ಪಂಚಾಯ್ತಿಯ ಹೆಸರು.

ಅಂದಾನಪ್ಪನ ಮುಖ ಬಿಳಿಚಿತು. "ಹೊಟ್ಟಿಕಿಚ್ಚಿಗೆ ಯಾರೋ ತಂದಿಟ್ಟಾರ! ನಾ ಇದನ್ನ ಕಂಡ ಇಲ್ಲ!"

ಹೋಳಿಗೆಯ ತಾಟು ಹಿಡಿದು ಬಂದ ಬಸವಣ್ಣೆವ್ವನಿಗೆ ಮಡಿ, ಪೂಜೆಗಳ ಗದ್ದಲದಲ್ಲಿ ಕಳ್ಳತನದ ಸುದ್ದಿಯೇ ಗೊತ್ತಿರಲಿಲ್ಲ. ಸುಳ್ಳು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. "ಕಂಡಿಲ್ಲಂತ! ಅದಕ್ಕ ಬಳದ ಡಾಂಬರು ಸೀಮೆಎಣ್ಣಿಲೆ ತಿಕ್ಕಿ ತಿಕ್ಕಿ ನನ್ನ ಕೈ ಸೋತು ಹೋದ್ವು. ನಿನ್ನೆ ಕಾಯಿ ಒಡದು, ಉದ್ದಕ ಅಡ್ಡಬಿದ್ದು, 'ಸುಡಬ್ಯಾಡಪಾ, ಕಾಪಾಡು' ಅಂದವ್ರು ನೀವಲ್ಲೇನ್ರಿ?"

ಪಡಸಾಲೆಯೇ ಹಾರಿಹೋಗುವಂತೆ ಜನ ನಕ್ಕರು. ಅಂಕಿತಾ ನಗುತ್ತಲೇ ಪೊಲೀಸರಿಗೆ ಫೋನು ಹಚ್ಚಿದಳು. ತಿರಕಪ್ಪನೊಬ್ಬ ನಗಲಿಲ್ಲ. ಕಣ್ಣೊರೆಸಿಕೊಂಡು ಮುಂದೆ ಬಂದು, ತನ್ನನ್ನು ಕಳ್ಳನೆಂದವನ ಮುಂದೆ ಬನ್ನಿ ಎಲೆ ಚಾಚಿದ.

"ತಗೋರಿ ಅಧ್ಯಕ್ಷರ. ಬಂಗಾರದಂಗ ಇರೋಣು."

ಊರೆಲ್ಲ ನೋಡುತ್ತಿತ್ತು. ಅಂದಾನಪ್ಪ ತಲೆ ತಗ್ಗಿಸಿ ಕೈ ಒಡ್ಡಿದ. ಬೇಡ ಎನ್ನುವಂತಿರಲಿಲ್ಲ.