ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ

ಮಧ್ಯಾಹ್ನ ಮೆಕ್ಯಾನಿಕ್ಕು ಊಟ ಮುಗಿಸಿ ಬಂದಾಗ ಅಕ್ಕನ ಕಾರು ನಿಂತಿದ್ದ ಜಾಗ ಖಾಲಿಯಾಗಿತ್ತು.

"ಕಾರೆಲ್ಲಿ?"

"ನಿಮ್ಮಕ್ಕ ಬಂದು ತಗೊಂಡು ಹೋದ್ರಲ್ಲ," ಎಂದ ವೆಲ್ಡರ್. "ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಂತೆ. ಟರ್ಬೊ ಹಾಕಿ ಆಯ್ತು ಅಂತ ನೀವೇ ನಿನ್ನೆ ಹೇಳಿದ್ರಂತೆ."

ಹೇಳಿದ್ದು ನಿಜ. ಕಾರಿನ ಕಸುವು ಹೆಚ್ಚಿಸಲು ಕೂರಿಸಿದ ಆ ಟರ್ಬೊ, ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತಿತ್ತು. ಆದರೆ ಆ ಗಾಳಿಗೆ ತಕ್ಕಷ್ಟು ಪೆಟ್ರೋಲು ಕೊಡಬೇಕಾದ ದೊಡ್ಡ ಪಂಪು ಇನ್ನೂ ಬೆಂಚಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ಟ್ಯಾಂಕಿನಲ್ಲಿದ್ದದ್ದು ಹಳೆಯ ಸಣ್ಣ ಪಂಪು. ಮೆಲ್ಲಗೆ ಓಡಿಸಿದರೆ ಚಿಂತೆಯಿಲ್ಲ. ಕಾಲು ಪೂರ್ತಿ ಒತ್ತಿದರೆ ಪೆಟ್ರೋಲು ಸಾಲದೆ ಎಂಜಿನ್ನು ಒಳಗೊಳಗೇ ಕಾದು, ಪಿಸ್ಟನ್ನು ಕರಗಿ ತೂತು ಬೀಳುತ್ತದೆ. ಹೊಗಳಿಸಿಕೊಳ್ಳುವ ಆತುರದಲ್ಲಿ ಅದನ್ನು ಅಕ್ಕನಿಗೆ ಹೇಳುವುದೇ ಬಿಟ್ಟುಹೋಗಿತ್ತು.

ಆಸ್ಪತ್ರೆಯ ದಾರಿಯೆಂದರೆ ಲಾರಿಗಳು ಸಾಲುಗಟ್ಟಿ ಹತ್ತುವ ಉದ್ದನೆಯ ಏರು.

ಅಕ್ಕ ಡ್ರೈವಿಂಗ್ ಕಲಿಸುವವಳು. ಗಾಡಿ ಓಡಿಸುವಾಗ ಜಪ್ಪಯ್ಯ ಅಂದರೂ ಫೋನು ಮುಟ್ಟುತ್ತಿರಲಿಲ್ಲ. ಅಮ್ಮನಿಗೆ ಮಾಡಿದ. ಮೂರನೆಯ ಸಲಕ್ಕೆ ಎತ್ತಿದಳು.

"ಯಾರದು? ಹೆಸರು ಕಾಣಲ್ಲ ನಂಗೆ."

"ಅಮ್ಮಾ, ನಾನು. ಅಕ್ಕಂಗೆ ಹೇಳು..."

"ಅಯ್ಯೋ, ಏನು ಕಾರೋ ಇದು! ಬೆನ್ನು ಸೀಟಿಗೆ ಅಂಟ್ತಿದೆ. ಲಾರಿ ದಾಟ್ತಿದ್ದಾಳೆ, ಎದುರಿಗೆ ಬಸ್ಸು ಬರ್ತಿದೆ, ನಾನಂತೂ ಕಣ್ಮುಚ್ಕೋತೀನಪ್ಪ!"

ಅವಳ ಮಾತಿನ ಹಿಂದೆ ಎಂಜಿನ್ನಿನ ಕೂಗು. ಆ ಕೂಗಿನೊಳಗೆ, ತಗಡಿನ ಡಬ್ಬಿಯಲ್ಲಿ ಹರಳುಕಲ್ಲು ಅಲ್ಲಾಡಿಸಿದಂತೆ ಕಟಕಟ ಸದ್ದು. ಪೆಟ್ರೋಲು ಸಾಲುತ್ತಿರಲಿಲ್ಲ.

'ಕಾಲು ತೆಗಿ' ಎಂಬ ಮಾತು ಗಂಟಲಿಗೆ ಬಂತು. ಈಗ ತೆಗೆದರೆ ಲಾರಿಯ ಪಕ್ಕದಲ್ಲೇ ಸಿಕ್ಕಿಬೀಳುತ್ತಾರೆ, ಎದುರಿಗೆ ಬಸ್ಸು. ತೆಗೆಯದಿದ್ದರೆ ಎಂಜಿನ್ನು ನಡುರಸ್ತೆಯಲ್ಲೇ ಕೈಕೊಟ್ಟೀತು. ಅತ್ತ ದರಿ, ಇತ್ತ ಪುಲಿ. ಅವನು ಅಂಗೈಯಿಂದ ಬಾಯಿ ಒತ್ತಿಕೊಂಡು ನಿಂತ. ಹಾರ್ನು. ಅಮ್ಮನ ಚೀತ್ಕಾರ. ಏನೋ ಢಂ ಎಂದು ಒಡೆಯಿತು. ಫೋನು ಸ್ತಬ್ಧವಾಯಿತು.

ವೆಲ್ಡರನ ಬೈಕಿನ ಹಿಂದೆ ಕೂತು ಹೊರಟ. "ಬೇಗ ಹೋಗೋ" ಎಂದೂ "ಮೆಲ್ಲಗೆ ಹೋಗೋ" ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಪ್ರತಿ ತಿರುವು ಬಂದಾಗಲೂ ಅದರಾಚೆ ಜಜ್ಜಿದ ತಗಡು ಬಿದ್ದಿರುತ್ತದೆ ಎಂದೇ ಅನ್ನಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ.

ಏರಿನ ತುದಿಯಲ್ಲಿ ರಸ್ತೆಯಂಚಿಗೆ ಕಾರು ನಿಂತಿತ್ತು. ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಏಳುತ್ತಿತ್ತು. ಅಮ್ಮ ಗಿಡ್ಡ ಗೋಡೆಯ ಮೇಲೆ ಕೂತು, ಕೈಜಾರಿ ಬಿದ್ದು ಒಡೆದ ಫೋನನ್ನು ಸೆರಗಿನಿಂದ ಒರೆಸುತ್ತಿದ್ದಳು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

"ಲಾರಿ ದಾಟಿ ನಮ್ಮ ಬದಿಗೆ ಬಂದಿದ್ದೆ, ಆಗ ಎಂಜಿನ್ನು ಒಡೀತು," ಎಂದಳು ಅಕ್ಕ.

"ಪಂಪು ಹಾಕಿರ್ಲಿಲ್ಲಕ್ಕ. ನಿಂಗೆ ಹೇಳ್ಲೂ ಇಲ್ಲ."

"ಅಮ್ಮ ಇದ್ಳು ಕಣೋ ಒಳಗೆ," ಎಂದಷ್ಟೇ ಹೇಳಿದಳು ಅಕ್ಕ.

"ಬೈಯೋದೆಲ್ಲ ಆಮೇಲೆ," ಅಮ್ಮ ಎದ್ದಳು. "ಡಾಕ್ಟರು ಹೋಗ್ಬಿಡ್ತಾರೆ, ಬಸ್ಸಿಗೆ ಕೈ ಅಡ್ಡ ಹಾಕಿ."

ಮರುದಿನ ಗ್ಯಾರೇಜಿನಲ್ಲಿ ಎಂಜಿನ್ನು ಬಿಚ್ಚಿದಾಗ ಮೂರನೆಯ ಪಿಸ್ಟನ್ನಿನಲ್ಲಿ ಕಿರುಬೆರಳು ತೂರುವಷ್ಟು ತೂತು. ಹೊಸ ಪಿಸ್ಟನ್ನು ಹಾಕಿ, ಈ ಸಲ ಮೊದಲು ದೊಡ್ಡ ಪಂಪು ಕೂರಿಸಿದ. ಪೆಟ್ರೋಲಿನ ಒತ್ತಡವನ್ನು ಎರಡು ದಿನ ಅಳೆದು ನೋಡಿದ ಮೇಲೆಯೇ ಟರ್ಬೊಗೆ ಕೈ ಹಾಕಿದ. ಪರೀಕ್ಷೆಗೆಂದು ಅದೇ ಏರಿಗೆ ಒಬ್ಬನೇ ಹೋದ. ಪೆಟ್ರೋಲಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಇರಬೇಕಾದಲ್ಲೇ ಇತ್ತು. ಮುಂದೆ ಲಾರಿಯೊಂದು ತೆವಳುತ್ತಿತ್ತು, ಎದುರಿಗೆ ನರಪಿಳ್ಳೆಯೂ ಇರಲಿಲ್ಲ. ಆದರೂ ಕಾಲು ಒತ್ತಲು ಧೈರ್ಯ ಬರಲಿಲ್ಲ. ಲಾರಿಯ ಹೊಗೆ ಕುಡಿಯುತ್ತಾ, ತುದಿಯವರೆಗೂ ಹಿಂದೆಯೇ ಹೋದ.